ನೀರಿನಡಿಯ ಸ್ಕೂಟರ್ ಓಡಿಸುವಾಗ ಹೆಚ್ಚುವರಿ ಸಿಲಿಂಡರ್ ಎಷ್ಟು ಬೇಕು, ಎಲ್ಲಿ ಕಟ್ಟಬೇಕು?

ನೀರ್ಚಾಲು ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಬದಿಯಡ್ಕ ಹತ್ತಿರದ ನೀರ್ಚಾಲು, ಕೆಲಸ ಮಂಗಳೂರಿನಲ್ಲಿ. ಎರಡು ವರ್ಷದ ಹಿಂದೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವಿಂಗ್ ಕಲಿತೆ. ಇಷ್ಟರವರೆಗೆ 34 ಡೈವ್ ಆಗಿದೆ.

ಮೊನ್ನೆ ದುಬೈಯಲ್ಲಿರುವ ಭಾವ ನೀರಿನಡಿ ಓಡಿಸುವ ಸ್ಕೂಟರ್ ಕಳಿಸಿಕೊಟ್ಟರು. ಹಳೆಯದು, ಆದರೆ ಚೆನ್ನಾಗಿ ನೋಡಿಕೊಂಡದ್ದು. ಬ್ಯಾಟರಿ ದೊಡ್ಡದಾದ ಕಾರಣ ವಿಮಾನಕ್ಕೆ ಹಾಕಲು ಬಿಡಲಿಲ್ಲ, ಹಡಗಿನ ಕಾರ್ಗೋದಲ್ಲಿ ಬಂತು. ತೂಕ 18 ಕಿಲೋ. ಗಂಟೆಗೆ 4 ಕಿಲೋಮೀಟರ್ ಓಡುತ್ತದೆ, ಬ್ಯಾಟರಿ ಒಂದು ಗಂಟೆ ಬರುತ್ತದೆ ಅಂತ ಅದರ ಜೊತೆ ಬಂದ ಪುಸ್ತಕದಲ್ಲಿದೆ.

ಜನವರಿಯಲ್ಲಿ ಲಕ್ಷದ್ವೀಪದ ಕಡಮತ್‌ಗೆ ಹೋಗುವ ಯೋಚನೆ. ಪರ್ಮಿಟ್‌ಗೆ ಅರ್ಜಿ ಹಾಕಿ ಆಯಿತು. ಅಲ್ಲಿ ಹವಳದ ದಂಡೆಯ ಹೊರಬದಿಯಲ್ಲಿ 12 ಮೀಟರ್ ಆಳದಲ್ಲಿ ಒಂದೂವರೆ ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುವುದು ನನ್ನ ಆಸೆ. ಬೆನ್ನಿಗೆ 11 ಲೀಟರಿನ ಒಂದು ಸಿಲಿಂಡರ್ ಹೇಗೂ ಇರುತ್ತದೆ. ಅಷ್ಟೇ ದೊಡ್ಡ ಇನ್ನೆರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಕಟ್ಟಿಕೊಂಡರೆ ಸಾಕಾ? ಹೆಚ್ಚುವರಿ ಸಿಲಿಂಡರಿನ ವಾಲ್ವ್ ತೆರೆದಿರಬೇಕಾ, ಮುಚ್ಚಿರಬೇಕಾ? ಜೊತೆಗೆ ಚಿಕ್ಕಪ್ಪನ ಮಗ ಬರುತ್ತಾನೆ. ಅವನಿಗೆ ಸ್ಕೂಟರ್ ಇಲ್ಲ, ನನ್ನನ್ನೇ ಹಿಡಿದುಕೊಂಡು ಬರುತ್ತಾನೆ.

ಇನ್ನೊಂದು ವಿಷಯ. ನಮ್ಮ ಸಂಬಂಧಿಕರೊಬ್ಬರದ್ದು ವೆಲ್ಡಿಂಗ್ ಶಾಪ್ ಉಂಟು. ಹೆಚ್ಚುವರಿ ಸಿಲಿಂಡರಿಗೆ ಗಾಳಿಯ ಬದಲು ಅಲ್ಲಿಯ ಆಕ್ಸಿಜನ್ ತುಂಬಿಸಿದರೆ ಜಾಸ್ತಿ ಹೊತ್ತು ಬರುವುದಿಲ್ವಾ ಅಂತ ಚಿಕ್ಕಪ್ಪನ ಮಗ ಕೇಳುತ್ತಿದ್ದಾನೆ. ಗೊತ್ತಿದ್ದವರು ದಯವಿಟ್ಟು ಹೇಳಿ.


ಕಸಬಕಡಲು ಬರೆದದ್ದು:

ತಮ್ಮಾ, ನಾನು ಸಿಲಿಂಡರ್ ಕಟ್ಟಿ ಮುಳುಗಿದವನಲ್ಲ. ಆದರೆ ಕಾಸರಗೋಡು ಕಸಬದಲ್ಲಿ ಹುಟ್ಟಿ ಬೆಳೆದವನು, ಚಿಕ್ಕಂದಿನಲ್ಲಿ ಬಂಡೆಯಿಂದ ಕಲ್ಲುಮ್ಮಕ್ಕಾಯಿ ಕೀಳಲು ಉಸಿರು ಕಟ್ಟಿ ಮುಳುಗಿದ್ದು ಉಂಟು. ಹಾಗಾಗಿ ಒಂದು ಮಾತು. ಕಡಮತ್‌ಗೆ ಹೋಗುವ ಮೊದಲು ಅಭ್ಯಾಸಕ್ಕೆ ಅಂತ ನಮ್ಮ ಕಡೆಯ ಕಡಲಿಗೆ ಇಳಿಯಬೇಡ. ಚಂದ್ರಗಿರಿ ಅಳಿವೆ ಆಗಲಿ, ಶಿರಿಯಾ ಅಳಿವೆ ಆಗಲಿ, ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ಎಳೆಯುವ ಎಳೆತ ಸಣ್ಣದಲ್ಲ. ನೀರು ಕೆಂಪು ಕೆಂಪಾಗಿ ಕೈ ಚಾಚಿದರೆ ಬೆರಳು ಕಾಣದಷ್ಟು ಇರುತ್ತದೆ.

ಮತ್ತೆ ಬಲೆ. ಟ್ರಾಲಿಂಗ್ ನಿಷೇಧ ಜುಲೈ 31ಕ್ಕೆ ಮುಗಿದ ಮೇಲೆ ಎಲ್ಲಿ ನೋಡಿದರೂ ಬಲೆಯೇ. ಬಂಡೆಗೆ ಸಿಕ್ಕಿ ಹರಿದುಹೋದ ನೈಲಾನ್ ತುಂಡುಗಳು ವರ್ಷಗಟ್ಟಲೆ ಅಲ್ಲೇ ತೇಲುತ್ತಿರುತ್ತವೆ. ನಮ್ಮ ದೋಣಿಯ ಔಟ್‌ಬೋರ್ಡ್ ಮೋಟರಿಗೇ ಎಷ್ಟು ಸಲ ಸುತ್ತಿಕೊಂಡಿದೆ. ನಾವು ದೋಣಿಯಲ್ಲಿ ಕೂತು ಬಿಡಿಸುತ್ತೇವೆ. ನೀರಿನಡಿ ನಿನ್ನ ಸ್ಕೂಟರಿನ ಪಂಖಕ್ಕೆ ಸುತ್ತಿದರೆ ನೀನು ಎಂತ ಮಾಡುತ್ತಿ? ಒಂದು ಒಳ್ಳೆಯ ಕತ್ತಿ ಕೈಗೆ ಸಿಗುವ ಹಾಗೆ ಇರಲಿ.


ಮಂಜೇಶ್ವರದ ಮುಳುಗ ಬರೆದದ್ದು:

ನೀರ್ಚಾಲು ಹುಡುಗ, ನಿಮ್ಮ ಪ್ರಶ್ನೆ ಓದಿ ರಾತ್ರಿ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ನನಗೀಗ 58. ಗಲ್ಫಿನಲ್ಲಿ 19 ವರ್ಷ ಹಡಗಿನ ತಳ ಉಜ್ಜುವ, ಜೆಟ್ಟಿಯ ಕಂಬ ನೋಡುವ ಡೈವರ್ ಆಗಿದ್ದೆ. ಸ್ಕೂಟರ್ ಕೆಲಸಕ್ಕೆ ಬಳಸಿದ್ದಲ್ಲ, ಶುಕ್ರವಾರದ ರಜೆಯಲ್ಲಿ ಗೆಳೆಯರ ಜೊತೆ ಓಡಿಸಿದ್ದು.

ಮೊದಲು ಆಕ್ಸಿಜನ್ ವಿಷಯ ಮುಗಿಸುತ್ತೇನೆ. ಬೇಡ. ಯಾವ ಕಾರಣಕ್ಕೂ ಬೇಡ. ಶುದ್ಧ ಆಕ್ಸಿಜನ್ 6 ಮೀಟರ್ ಆಳಕ್ಕೇ ಮಿತಿ ಮುಟ್ಟುತ್ತದೆ. ಅಲ್ಲಿ ಅದರ ಒತ್ತಡ 1.6 ಬಾರ್. ನೀವು ಹೇಳುವ 12 ಮೀಟರಿನಲ್ಲಿ 2.2 ಬಾರ್ ಆಗುತ್ತದೆ. ಆಗ ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ಸಿಲಿಂಡರಿನ ಗಾಳಿ ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಜಾರಿದರೆ ಅಲ್ಲಿಗೆ ಮುಗಿಯಿತು. ಜಾಸ್ತಿ ಹೊತ್ತು ಬರುತ್ತದೆ ಅನ್ನುವುದೂ ಸುಳ್ಳು. ನೀವು ಒಂದು ಉಸಿರಿಗೆ ಎಳೆಯುವ ಲೀಟರ್ ಅಷ್ಟೇ, ಒಳಗೆ ಗಾಳಿ ಇರಲಿ, ಆಕ್ಸಿಜನ್ ಇರಲಿ. ಎಣ್ಣೆ, ಗ್ರೀಸ್ ತಾಗಿದ ವಾಲ್ವಿಗೆ ಒತ್ತಡದ ಆಕ್ಸಿಜನ್ ಬಿಟ್ಟರೆ ಬೆಂಕಿಯೇ ಹತ್ತಬಹುದು. ನಿಮ್ಮ ಚಿಕ್ಕಪ್ಪನ ಮಗ ತಮ್ಮನಿಗೆ ಇದನ್ನು ಎದುರು ಕೂರಿಸಿ ಹೇಳಿ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕಾಗದ, ಪೆನ್ನು ಹಿಡಿದುಕೊಳ್ಳಿ.

ನಿಮ್ಮ 11 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿಸಿದರೆ 2200 ಲೀಟರ್ ಗಾಳಿ. ಮೂರು ಸಿಲಿಂಡರ್ ಅಂದರೆ 6600. ಪುಸ್ತಕದಲ್ಲಿ ಗಂಟೆಗೆ 4 ಕಿಲೋಮೀಟರ್ ಅಂತ ಇದ್ದರೂ ಎರಡು ಪಕ್ಕ ಸಿಲಿಂಡರ್ ತೂಗಿಸಿಕೊಂಡು, ಹಿಂದೆ ಒಬ್ಬನನ್ನು ಎಳೆದುಕೊಂಡು ಹೋದರೆ ಅಷ್ಟು ಬರುವುದಿಲ್ಲ. ನಿಮಿಷಕ್ಕೆ 50 ಮೀಟರ್ ಅಂತ ಇಟ್ಟುಕೊಳ್ಳಿ. ಒಂದೂವರೆ ಕಿಲೋಮೀಟರಿಗೆ 30 ನಿಮಿಷ. ಸ್ಕೂಟರ್ ಎಳೆಯುವಾಗ ಕಾಲಿಗೆ ಕೆಲಸ ಇಲ್ಲ, ಉಸಿರು ಕಡಿಮೆ ಸಾಕು. ನಿಮಿಷಕ್ಕೆ 18 ಲೀಟರ್ ಎಳೆದರೆ 12 ಮೀಟರಿನಲ್ಲಿ ಒತ್ತಡ 2.2 ಬಾರ್ ಇರುವ ಕಾರಣ ಅದರ 2.2 ಪಾಲು, ಹತ್ತಿರ ಹತ್ತಿರ 40. ಹೋಗಲು 1200 ಲೀಟರ್ ಖರ್ಚು. ಉಳಿದ ಗಾಳಿ ತೋರಿಸುವ ಗೇಜ್ ನೋಡಿದರೆ ಬೆನ್ನಿನ ಸಿಲಿಂಡರಿನಲ್ಲೇ ಇನ್ನೂ ಅರ್ಧದ ಹತ್ತಿರ ಉಳಿದಿದೆಯಲ್ಲ ಅಂತ ಖುಷಿ ಆಗುತ್ತದೆ. ಮೋಸ ಇರುವುದು ಇಲ್ಲೇ.

ಈಗ ಆ ತುದಿಯಲ್ಲಿ ಸ್ಕೂಟರ್ ನಿಂತಿತು ಅಂತ ಇಟ್ಟುಕೊಳ್ಳಿ. ಸತ್ತ ಸ್ಕೂಟರ್ ಎಳೆದುಕೊಂಡು, ಎರಡು ಸಿಲಿಂಡರ್ ತೂಗಿಸಿಕೊಂಡು ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಹೊಡೆದರೆ ನಿಮಿಷಕ್ಕೆ 12 ಮೀಟರ್ ಹೋದರೆ ದೊಡ್ಡದು. 1500 ಮೀಟರಿಗೆ 125 ನಿಮಿಷ. ಕಾಲು ಹೊಡೆಯುವಾಗ ಉಸಿರು 25 ಲೀಟರ್ ಅಂದರೂ ಆ ಆಳದಲ್ಲಿ ನಿಮಿಷಕ್ಕೆ 55. ಗುಣಿಸಿ ನೋಡಿ, 6875 ಲೀಟರ್. ಹೋಗುವಾಗಿನ 1200 ಸೇರಿಸಿದರೆ 8000 ದಾಟಿತು. ನಿಮ್ಮ ಹತ್ತಿರ ಇರುವುದು 6600.

ಅಂದರೆ ಎರಡು ದೊಡ್ಡ ಸಿಲಿಂಡರ್ ಹೊತ್ತೂ ನೀವು ವಾಪಸ್ ಮುಟ್ಟುವುದಿಲ್ಲ. ಎದುರು ಎಳೆತ ಇದ್ದರಂತೂ ಲೆಕ್ಕವೇ ಬೇಡ.

ಹಾಗಾದರೆ ಹೆಚ್ಚುವರಿ ಸಿಲಿಂಡರ್ ಯಾತಕ್ಕೆ? ನೀವು ನೀರ್ಚಾಲಿನವರು, ನಿಮ್ಮ ತೋಟದಲ್ಲೋ ಪಕ್ಕದ ಗುಡ್ಡದಲ್ಲೋ ಒಂದು ಸುರಂಗ ಇದ್ದೇ ಇರುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗ. ಅದರೊಳಗೆ ಬಗ್ಗಿ ನಡೆದವನು ಎಷ್ಟು ದೂರ ಹೋದನೋ ಅಷ್ಟೇ ದೂರ ತಿರುಗಿ ಬಂದು ಅದೇ ಬಾಯಿಂದ ಹೊರಗೆ ಬೀಳಬೇಕು. ಮೇಲೆ ಗುಡ್ಡ, ಬೇರೆ ದಾರಿ ಇಲ್ಲ. ಸುರಂಗ ತೋಡುವವರು ದೀಪ ಹಿಡಿದು ಹೋಗುವುದು ಬೆಳಕಿಗೆ ಮಾತ್ರ ಅಲ್ಲ, ಜ್ವಾಲೆ ಕುಗ್ಗಿದರೆ ಗಾಳಿ ಸಾಲದು, ಹೊರಗೆ ಬರಬೇಕು ಅಂತ ಗೊತ್ತಾಗಲಿಕ್ಕೆ. ನೀರು ತುಂಬಿದ ಗುಹೆಯಲ್ಲಿ ಮುಳುಗುವವರ ಲೆಕ್ಕವೂ ಅದೇ. ಮೂರರಲ್ಲಿ ಒಂದು ಪಾಲು ಗಾಳಿ ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಸ್ಕೂಟರ್ ಇದ್ದರೆ ಅದೂ ಸಾಲದು, ಸ್ಕೂಟರ್ ಸತ್ತರೆ ಈಜಿ ಬರುವಷ್ಟು ಗಾಳಿ ಬೇಕು. 2007ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಜ್ಯಾರೊಡ್ ಜಬ್ಲೊನ್ಸ್ಕಿ, ಕೇಸಿ ಮೆಕಿನ್ಲೆ ಅನ್ನುವ ಇಬ್ಬರು ಟರ್ನರ್ ಸಿಂಕ್‌ನಿಂದ ವಕುಲ್ಲಾ ಸ್ಪ್ರಿಂಗ್ಸ್ ತನಕ ನೀರಿನ ಗುಹೆಯೊಳಗೆ ಸುಮಾರು 11 ಕಿಲೋಮೀಟರ್ ಹೋಗಿ ಹೊರಬಿದ್ದರು. ಸ್ಕೂಟರಿನಲ್ಲೇ. ಆದರೆ ಅದರ ಹಿಂದೆ ವರ್ಷಗಟ್ಟಲೆ ಗುಹೆಯ ಅಳತೆ ಮಾಡಿದ ದೊಡ್ಡ ತಂಡವೇ ಇತ್ತು.

ನಿಮ್ಮದು ಸುರಂಗ ಅಲ್ಲ. ಬಯಲು ಕಡಲು. ನಿಮ್ಮ ಬಾಗಿಲು ಒಂದೂವರೆ ಕಿಲೋಮೀಟರ್ ಹಿಂದೆ ಇಲ್ಲ, 12 ಮೀಟರ್ ಮೇಲೆ ಇದೆ. ಅಷ್ಟು ಏರಲು ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕಿ. ಏನಾಯಿತು ಅಂತ ನೋಡಿಕೊಳ್ಳಲು ಒಂದು ನಿಮಿಷ. ನಿಮಿಷಕ್ಕೆ 9 ಮೀಟರಿಗಿಂತ ಜೋರಾಗದ ಹಾಗೆ ಏರಲು ಎರಡು ನಿಮಿಷ. ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು. ಹೆದರಿದವನ ಉಸಿರು ನಿಮಿಷಕ್ಕೆ 30 ಲೀಟರ್ ಅಂತ ಹಿಡಿದರೂ ಒಬ್ಬನಿಗೆ ಒಟ್ಟು 300 ಲೀಟರ್. ಇಬ್ಬರಿಗೆ 600. 3 ಲೀಟರಿನ ಸಣ್ಣ ಸಿಲಿಂಡರಿನಲ್ಲಿ 200 ಬಾರಿಗೆ ಸರಿಯಾಗಿ 600 ಇರುತ್ತದೆ, ಆದರೆ ಕೊನೆಯ ಉಸಿರಿನ ತನಕ ಲೆಕ್ಕ ಹಾಕಬಾರದು. ನಲವತ್ತು ಕ್ಯೂಬಿಕ್ ಅಡಿಯದ್ದು ಅಂತ ಕರೆಯುವ 5.7 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಸಿಗುತ್ತದೆ. 1140 ಲೀಟರ್. ಅಂಥದ್ದು ಒಂದೇ ಒಂದು, ಎಡಬದಿಗೆ ಕಟ್ಟಿಕೊಳ್ಳಿ. ಅದು ದೂರ ಹೋಗಲಿಕ್ಕೆ ಅಲ್ಲ. ಅದನ್ನು ಮುಟ್ಟದೆ ವಾಪಸ್ ತರುವುದೇ ಲೆಕ್ಕ.

ಮೇಲೆ ಬಂದ ಮೇಲೆ ದೋಣಿ ಬೇಕಲ್ಲ. ಕೆಳಗಿನಿಂದ ಬಿಡುವ ಕಿತ್ತಳೆ ಬಣ್ಣದ ಉದ್ದ ಬಲೂನು, ಅದಕ್ಕೆ ಸುತ್ತಿದ ದಾರ ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ. ಎಷ್ಟು ಗಂಟೆಗೆ ಇಳಿದಿರಿ, ಯಾವ ಕಡೆ ಹೋಗುತ್ತೀರಿ, ಎಷ್ಟು ಗಂಟೆಯೊಳಗೆ ಮೇಲೆ ಬರುತ್ತೀರಿ ಅಂತ ದೋಣಿಯವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಗುರುತಿನ ಬಲೂನು ಮೇಲೆ ಎಳೆದುಕೊಂಡೇ ಸ್ಕೂಟರ್ ಓಡಿಸಬೇಡಿ, ಆ ದಾರವೇ ಪಂಖಕ್ಕೆ ಸುತ್ತಿಕೊಳ್ಳುತ್ತದೆ.

ಈಗ ಕಟ್ಟುವ ವಿಷಯ. ಇದನ್ನು ನಾನು ನನ್ನ ಮೈಮೇಲೆ ಕಲಿತದ್ದು.

2013ರಲ್ಲಿ ಗಲ್ಫಿನ ದಿಬ್ಬಾ ಕಡೆಯ ಕಡಲಿನಲ್ಲಿ 16 ಮೀಟರ್ ಆಳದಲ್ಲಿ ಹೋಗುತ್ತಿದ್ದೆವು. ಜೊತೆಗಾರ ಅವನ ಸ್ಕೂಟರಿನಲ್ಲಿ ಇಪ್ಪತ್ತು ಮೀಟರ್ ಮುಂದೆ. ನನ್ನ ಪಂಖಕ್ಕೆ ಹಳೆಯ ಬಲೆಯ ತುಂಡು ಸುತ್ತಿಕೊಂಡು ಮೋಟರ್ ಗಕ್ಕನೆ ನಿಂತಿತು. ಅವನಿಗೆ ಅವನ ಮೋಟರಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ತಿರುಗಿ ನೋಡಲಿಲ್ಲ. ನಾನು ಅಲ್ಲೇ ನಿಂತು ಯೋಚಿಸುವುದು ಬಿಟ್ಟು ಅವನ ಹಿಂದೆ ಫಿನ್ ಹೊಡೆದೆ. ಎದುರು ಎಳೆತ. ಐದು ನಿಮಿಷ ಆಗಿರಬಹುದು. ಗೇಜ್ ನೋಡಿದರೆ 110 ಇದ್ದದ್ದು 60ಕ್ಕೆ ಬಂದಿತ್ತು. ಕಿವಿಯೊಳಗೆ ನನ್ನ ಉಸಿರಿನ ಸದ್ದೇ ತುಂಬಿಹೋಗಿತ್ತು.

ಸರಿ, ಎಡಗಡೆಯ ಸಿಲಿಂಡರಿಗೆ ಹೋಗೋಣ ಅಂತ ಅದರ ರೆಗ್ಯುಲೇಟರಿಗೆ ಕೈ ಹಾಕಿದೆ. ಅರ್ಧ ಬಂತು, ಮತ್ತೆ ಬರಲಿಲ್ಲ. ಬಗ್ಗಿ ನೋಡಿದರೆ ಅದರ ಹೋಸ್ ಸ್ಕೂಟರ್ ಎಳೆಯುವ ಹಗ್ಗದ ಅಡಿಗೆ ಹೋಗಿತ್ತು. ಸತ್ತ ಸ್ಕೂಟರನ್ನು ನೀರು ಹಿಂದಕ್ಕೆ ಎಳೆಯುತ್ತಿತ್ತು, ಹಗ್ಗ ತಂತಿಯ ಹಾಗೆ ಬಿಗಿದು ಹೋಸನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಿತ್ತು. ಎರಡು ಸಲ ಜಗ್ಗಿದೆ. ಮೂರನೆಯ ಸಲ ಜಗ್ಗದೆ ಬಿಟ್ಟೆ, ಇದ್ದ ಗಾಳಿಯಲ್ಲೇ ಮೆಲ್ಲ ಏರಿದೆ. ಮೇಲೆ ಬಂದಾಗ ಬೆನ್ನಿನ ಸಿಲಿಂಡರಿನಲ್ಲಿ 35 ಬಾರ್ ಉಳಿದಿತ್ತು. ಎಡಗಡೆಯದ್ದರಲ್ಲಿ 200 ಹಾಗೇ ಇತ್ತು. ದೋಣಿ ಕಂಡು ಹತ್ತಿರ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ತಪ್ಪು ಆದದ್ದು ದೋಣಿಯಲ್ಲೇ. ಅವಸರದಲ್ಲಿ ಮೊದಲು ಸ್ಕೂಟರಿನ ಹಗ್ಗ ಸಿಕ್ಕಿಸಿ ಆಮೇಲೆ ಸಿಲಿಂಡರ್ ಕಟ್ಟಿದ್ದೆ. ಸಿಲಿಂಡರ್ ಮೊದಲು, ಸ್ಕೂಟರ್ ಕೊನೆಗೆ. ಆಗ ಹಗ್ಗ ಎಲ್ಲಕ್ಕಿಂತ ಮೇಲೆ ಇರುತ್ತದೆ, ಬಿಚ್ಚುವಾಗ ಅದೇ ಮೊದಲು ಬರುತ್ತದೆ. ನೀರಿಗೆ ಇಳಿದ ಮೇಲೆ ಕೈಯಲ್ಲಿ ಹೋಸಿನ ಉದ್ದಕ್ಕೂ ಸವರಿ ನೋಡಿ, ಎಲ್ಲೂ ಅಡಿಗೆ ಸಿಕ್ಕಿರಬಾರದು.

ಸಿಲಿಂಡರಿನ ಕುತ್ತಿಗೆಯ ಕೊಂಡಿ ಎದೆಯ ಎಡಗಡೆಯ ಡಿ-ರಿಂಗಿಗೆ (ಮೈಗೆ ಕಟ್ಟಿದ ಪಟ್ಟಿಯಲ್ಲಿರುವ ಡಿ ಆಕಾರದ ಬಳೆಗೆ), ಕೆಳಗಿನ ಕೊಂಡಿ ಎಡ ಸೊಂಟದ ಡಿ-ರಿಂಗಿಗೆ. ನೇತಾಡಬಾರದು, ಕಂಕುಳಿನಿಂದ ಸೊಂಟದ ತನಕ ಮೈಗೆ ಅಂಟಿಕೊಂಡಿರಬೇಕು. ನೇತಾಡಿದರೆ ಸ್ಕೂಟರಿನ ಪಂಖ ತಳ್ಳುವ ನೀರು ನೇರ ಅದಕ್ಕೆ ಬಡಿಯುತ್ತದೆ, ವೇಗವೂ ಹೋಗುತ್ತದೆ. ಹೋಸ್ ಮಡಚಿ ಸಿಕ್ಕಿಸಲು ಬೈಕಿನ ಹಳೆಯ ಟ್ಯೂಬನ್ನು ಎರಡು ಬೆರಳಿನ ಅಗಲ ಕತ್ತರಿಸಿ ಸಿಲಿಂಡರಿಗೆ ಹಾಕಿ. ಅಂಗಡಿಯ ಪಟ್ಟಿಗಿಂತ ಅದು ಚೆನ್ನಾಗಿ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ ಕೂಡ.

ವಾಲ್ವ್ ತೆರೆದೇ ಇರಲಿ. ಹೆದರಿದವನ ಕೈಗೆ ವಾಲ್ವ್ ಹುಡುಕಿ ತಿರುಗಿಸುವ ಕೆಲಸ ಕೊಡಬಾರದು.


ನೇತ್ರಾಣಿ ಅಕ್ಕ ಬರೆದದ್ದು:

ನಾನು ಪೆರ್ಲದವಳು, ಏಳು ವರ್ಷದಿಂದ ಡೈವಿಂಗ್ ಕಲಿಸುತ್ತಿದ್ದೇನೆ. ಮಂಜೇಶ್ವರದ ಅಣ್ಣ ಬರೆದ ಲೆಕ್ಕ ಸರಿಯಾಗಿದೆ. ನನ್ನ ವಿದ್ಯಾರ್ಥಿಗಳಿಗೂ ಇದನ್ನು ತೋರಿಸುತ್ತೇನೆ, ಅಡ್ಡಿಯಿಲ್ಲ ಅಲ್ವಾ ಅಣ್ಣ?

ವಾಲ್ವ್ ವಿಷಯದಲ್ಲಿ ಮಾತ್ರ ನನ್ನ ಅಭ್ಯಾಸ ಬೇರೆ. ಸ್ಕೂಟರ್ ಓಡುವಾಗ ಎದುರಿನಿಂದ ನೀರು ರೆಗ್ಯುಲೇಟರಿನ ಮುಖಕ್ಕೆ ಒತ್ತಿದರೆ ಅದು ತನ್ನಷ್ಟಕ್ಕೇ ಗಾಳಿ ಬಿಡಲು ಶುರು ಮಾಡುತ್ತದೆ. ಮೋಟರಿನ ಸದ್ದಿನಲ್ಲಿ ಗೊತ್ತೇ ಆಗುವುದಿಲ್ಲ. ಸಣ್ಣ ಸಿಲಿಂಡರ್ ನಿಮಿಷಗಳಲ್ಲಿ ಖಾಲಿ. ಹಾಗಾಗಿ ನಾನು ದೋಣಿಯಲ್ಲಿ ವಾಲ್ವ್ ತೆರೆದು, ಗೇಜ್ ನೋಡಿ, ನಾಲ್ಕು ಉಸಿರು ಎಳೆದು, ಆಮೇಲೆ ಮುಚ್ಚುತ್ತೇನೆ. ಹೋಸಿನಲ್ಲಿ ಒತ್ತಡ ಉಳಿದಿರುತ್ತದೆ.

ಸ್ಕೂಟರಿನಿಂದ ಆಗುವ ಇನ್ನೊಂದು ಅಪಾಯ ಯಾರೂ ಬರೆದಿಲ್ಲ. ಏರುವುದು, ಇಳಿಯುವುದು. ಮೂತಿ ಸ್ವಲ್ಪ ಮೇಲೆ ಆದರೆ ಸಾಕು, ನಿಮಗೆ ಗೊತ್ತಾಗುವ ಮೊದಲೇ ಐದಾರು ಮೀಟರ್ ಏರಿರುತ್ತೀರಿ. ಬಿಸಿಡಿಯೊಳಗಿನ (ತೇಲಲು ಗಾಳಿ ತುಂಬುವ ಜಾಕೆಟ್ಟಿನೊಳಗಿನ) ಗಾಳಿ ಹಿಗ್ಗಿ ಇನ್ನೂ ಏರಿಸುತ್ತದೆ. ಕೆಳಗೆ ಹೋದರೆ ಕಿವಿ. ನಮ್ಮ ಒಬ್ಬ ಹುಡುಗನಿಗೆ ಹೀಗೇ ಕಿವಿಯ ತಮಟೆ ನೊಂದು ಮೂರು ವಾರ ನೀರಿಗೆ ಇಳಿಯಲಿಲ್ಲ. ಆಳ ತೋರಿಸುವ ಡೈವ್ ಕಂಪ್ಯೂಟರನ್ನು ಸ್ಕೂಟರಿನ ಟ್ರಿಗರ್ ಹಿಡಿಯುವ ಬಲಗೈಗೇ ಕಟ್ಟಿ. ಆ ಕೈ ಯಾವಾಗಲೂ ಕಣ್ಣಿನ ಎದುರು ಇರುತ್ತದೆ. ಎಡಗೈ ಮೂಗು ಹಿಡಿಯಲು, ಬಿಸಿಡಿಗೆ, ಹೆಚ್ಚುವರಿ ರೆಗ್ಯುಲೇಟರಿಗೆ ಖಾಲಿ ಇರಬೇಕು. ಏರುವಾಗ ಮೋಟರ್ ಬಳಸಲೇಬಾರದು. ನಿಲ್ಲಿಸಿ, ಹಿಂದಿನ ಕೊಂಡಿಗೆ ಸಿಕ್ಕಿಸಿ, ಆಮೇಲೆ ಏರಿ.

ಚಿಕ್ಕಪ್ಪನ ಮಗನನ್ನು ಎಳೆದುಕೊಂಡು ಹೋಗುವುದು ನನಗೆ ಇಷ್ಟ ಆಗಲಿಲ್ಲ. ಕೈ ಬಿಟ್ಟುಹೋದರೆ ಅವನು ಒಬ್ಬನೇ. ಹೋಗಲೇಬೇಕಾದರೆ ಅವನಿಗೂ ಒಂದು ಸಣ್ಣ ಸಿಲಿಂಡರ್ ಕಟ್ಟಿಸಿ. ಅವನು ನಿಮ್ಮನ್ನು ಹಿಡಿಯುವುದು ಬಲಗಡೆ, ಎಡಗಡೆ ಸಿಲಿಂಡರಿಗೆ ಅವನ ಕೈ ಬರಬಾರದು. ಮತ್ತೆ ದೂರ ಕಡಿಮೆ ಮಾಡಿ. ಮೊದಲ ದಿನ 300 ಮೀಟರ್ ಸಾಕು.

ಅಭ್ಯಾಸ ಮಾಡುವಾಗ ಮೊದಲು ಸ್ಕೂಟರ್ ಇಲ್ಲದೆ ಸಿಲಿಂಡರ್. ಆಮೇಲೆ ಸಿಲಿಂಡರ್ ಇಲ್ಲದೆ ಸ್ಕೂಟರ್. ಎರಡೂ ಕೈಗೆ ಹತ್ತಿದ ಮೇಲೆ ಮಾತ್ರ ಜೊತೆಗೆ.


ಮಂಜೇಶ್ವರದ ಮುಳುಗ ಬರೆದದ್ದು:

ಖಂಡಿತ ತೋರಿಸಿ ತಂಗಿ. ರೆಗ್ಯುಲೇಟರ್ ತನ್ನಷ್ಟಕ್ಕೇ ಗಾಳಿ ಬಿಡುವುದು ನಿಜ, ನಾನು ಅದನ್ನು ಬರೆಯಬೇಕಿತ್ತು. ಆದರೂ 34 ಡೈವಿನ ಹುಡುಗನಿಗೆ ಮುಚ್ಚಿದ ವಾಲ್ವ್ ಬೇಡ ಅಂತಲೇ ನನಗೆ ಅನ್ನಿಸುತ್ತದೆ. ಹೋಸಿನಲ್ಲಿ ಉಳಿದ ಒತ್ತಡ ಒಂದೆರಡು ಉಸಿರಿಗೆ ಸಾಕು. ಆಮೇಲೆ ಬಾಯಿಗೆ ಏನೂ ಬರದೆ ಇದ್ದಾಗ ಅವನು ವಾಲ್ವ್ ನೆನಪು ಮಾಡಿಕೊಳ್ಳಬೇಕು. ಎಷ್ಟೋ ಮಂದಿ ಆ ಹೊತ್ತಿಗೆ ಮೇಲಕ್ಕೆ ಓಡುತ್ತಾರೆ. ರೆಗ್ಯುಲೇಟರಿನ ಬದಿಯಲ್ಲಿ ಗಾಳಿ ತಗ್ಗಿಸುವ ಸಣ್ಣ ಲಿವರ್ ಇರುತ್ತದೆ, ಅದನ್ನು ತಗ್ಗಿಸಿ. ಮುಖ ಹಿಂದಕ್ಕೆ ತಿರುಗುವ ಹಾಗೆ ಟ್ಯೂಬಿನ ಪಟ್ಟಿಗೆ ಸಿಕ್ಕಿಸಿ. ಪ್ರತಿ ಐದು ನಿಮಿಷಕ್ಕೆ ಮೋಟರ್ ನಿಲ್ಲಿಸಿ ಎರಡೂ ಗೇಜ್ ನೋಡಲಿ. ಹೇಗೂ ಜೊತೆಗಾರನ ಮುಖ ನೋಡಲಿಕ್ಕೆ ನಿಲ್ಲಲೇಬೇಕು.


ನೇತ್ರಾಣಿ ಅಕ್ಕ ಬರೆದದ್ದು:

ಐದು ನಿಮಿಷಕ್ಕೊಮ್ಮೆ ನಿಂತು ನೋಡುವುದಾದರೆ ತೆರೆದಿಡಲು ನಾನೂ ಒಪ್ಪುತ್ತೇನೆ. ನಿಲ್ಲದೆ ಓಡಿಸುವುದಾದರೆ ಒಪ್ಪುವುದಿಲ್ಲ.


ನೀರ್ಚಾಲು ಹುಡುಗ ಬರೆದದ್ದು:

ಹದಿನೈದು ದಿನ ಆಯಿತು, ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಎಲ್ಲರಿಗೂ ತುಂಬಾ ಉಪಕಾರ ಆಯಿತು. ಲೆಕ್ಕ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಹೋಗುವ ಗಾಳಿಯನ್ನು ಮಾತ್ರ ಎಣಿಸಿದ್ದೆ. ಆಕ್ಸಿಜನ್ ಬರೆದದ್ದನ್ನು ತಮ್ಮನಿಗೂ, ವೆಲ್ಡಿಂಗ್ ಶಾಪಿನ ಮಾವನಿಗೂ ಓದಿಸಿದೆ. ಮಾವ ಕೈ ಮುಗಿದು ಅದನ್ನು ಮತ್ತೆ ಕೇಳಬೇಡಿ ಅಂದರು.

ಕಸಬದ ಅಣ್ಣ ಹೇಳಿದ ಹಾಗೆ ಕಡಲಿಗೆ ಇಳಿಯಲಿಲ್ಲ. ನಮ್ಮ ತೋಟದ ಕೆಳಗೆ ಒಂದು ಮದಕ (ಮಳೆನೀರು ನಿಲ್ಲುವ ಕೆರೆ) ಉಂಟು. ಮಳೆ ಮುಗಿದ ಮೇಲೆ ಈಗ ಮೂರೂವರೆ ಮೀಟರ್ ನೀರಿದೆ, ಉದ್ದ 40 ಮೀಟರ್. ಅಪ್ಪ ಮೆಟ್ಟಿಲಿನಲ್ಲಿ ಹಗ್ಗ ಹಿಡಿದು ನಿಂತರು, ತಮ್ಮ ನೀರಿನಲ್ಲಿ ನನ್ನ ಪಕ್ಕದಲ್ಲೇ ಇದ್ದ. 5.7 ಲೀಟರಿನ ಸಿಲಿಂಡರ್ ಬಾಡಿಗೆಗೆ ಸಿಕ್ಕಿತು, ಟೆಸ್ಟ್ ಆದ ತಾರೀಕು ಸಿಲಿಂಡರಿನ ಮೇಲೆ ಒತ್ತಿದ್ದು ನೋಡಿಯೇ ತಂದೆ. ಅಪ್ಪನ ಹಳೆಯ ಬೈಕಿನ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿದೆ.

ಅಕ್ಕ ಹೇಳಿದ ಕ್ರಮದಲ್ಲೇ ಮಾಡಿದೆ. ಮಾಸ್ಕಿನ ಗಾಜಿಗೆ ಹೊರಗಿನಿಂದ ಕಪ್ಪು ಟೇಪ್ ಅಂಟಿಸಿ ಏನೂ ಕಾಣದ ಹಾಗೆ ಮಾಡಿಕೊಂಡು, ಬೆನ್ನಿನ ರೆಗ್ಯುಲೇಟರ್ ಬಿಟ್ಟು ಎಡಗಡೆಯದ್ದನ್ನು ಬಾಯಿಗೆ ತೆಗೆದುಕೊಳ್ಳುವುದು. ಉಸಿರು ಬಿಡುತ್ತಾ ಇರಬೇಕು ಅಂತ ಕಲಿಸಿದ್ದು ನೆನಪಿತ್ತು. ತಮ್ಮ ವಾಚ್ ಹಿಡಿದ. ಮೊದಲ ಸಲ 38 ಸೆಕೆಂಡ್ ಹಿಡಿಯಿತು. ನಡುವೆ ಎರಡು ಸಲ ಬೆನ್ನಿನದ್ದನ್ನೇ ಹಿಡಿದು ಎಳೆದೆ, ಕೈಗೆ ಎರಡೂ ಒಂದೇ ಥರ ಸಿಗುತ್ತದೆ. ಆಮೇಲೆ ಎಡಗಡೆಯದ್ದರ ಹೋಸಿಗೆ ದಪ್ಪ ಗಂಟಿನ ದಾರ ಸುತ್ತಿದೆ, ಬೆರಳಿಗೆ ಗೊತ್ತಾಗುವ ಹಾಗೆ. ಇಪ್ಪತ್ತನೆಯ ಸಲಕ್ಕೆ 8 ಸೆಕೆಂಡಿಗೆ ಬಂತು.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಸ್ಕೂಟರ್ ಆಫ್ ಮಾಡಿ, ಸಿಲಿಂಡರ್ ಕಟ್ಟಿಕೊಂಡು, ಮದಕದ ಈ ಬದಿಯಿಂದ ಆ ಬದಿಗೆ ಫಿನ್ ಹೊಡೆದೆ. 3 ನಿಮಿಷ 20 ಸೆಕೆಂಡ್. ನಿಮಿಷಕ್ಕೆ ಸರಿಯಾಗಿ 12 ಮೀಟರ್. ಎಳೆತವೇ ಇಲ್ಲದ ನೀರಿನಲ್ಲಿ. ಮೇಲೆ ಬಂದು ಮೆಟ್ಟಿಲಿನಲ್ಲಿ ಕೂತಾಗ ತೊಡೆ ನಡುಗುತ್ತಿತ್ತು. ಒಂದೂವರೆ ಕಿಲೋಮೀಟರ್ ಅಂದರೆ ಅದೇ ರೀತಿ ಇನ್ನೂ 37 ಸಲ ಆಗಬೇಕಿತ್ತು.

ಕಡಮತ್‌ನಲ್ಲಿ 300 ಮೀಟರ್ ಅಂತಲೇ ಬರೆದುಕೊಂಡಿದ್ದೇನೆ. ತಮ್ಮನಿಗೂ ಒಂದು ಸಣ್ಣ ಸಿಲಿಂಡರ್ ಅಲ್ಲೇ ಬಾಡಿಗೆಗೆ ಕೇಳಿದ್ದೇವೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮದಕದಲ್ಲಿ ಸ್ಕೂಟರ್ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ಒಳಗೆ ಸೀಸದ ತುಂಡು ಇಟ್ಟು ಸರಿ ಮಾಡಿದೆ. ಕಡಲಿನಲ್ಲೂ ಹಾಗೇ ಇರುತ್ತದಾ?


ಮಂಜೇಶ್ವರದ ಮುಳುಗ ಬರೆದದ್ದು:

ಗಂಟಿನ ದಾರ ಒಳ್ಳೆಯ ಉಪಾಯ. ನನಗೆ 19 ವರ್ಷದಲ್ಲಿ ಹೊಳೆದಿರಲಿಲ್ಲ, ನಾಳೆಯೇ ನನ್ನದಕ್ಕೂ ಸುತ್ತುತ್ತೇನೆ.

ಕಡಲಿನಲ್ಲಿ ಹಾಗೇ ಇರುವುದಿಲ್ಲ. ಉಪ್ಪು ನೀರು ಸಿಹಿ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಭಾರ. ನಿಮ್ಮ ಸ್ಕೂಟರ್ 18 ಕಿಲೋ, ಸಿಹಿ ನೀರಿನಲ್ಲಿ ಬಿಟ್ಟಲ್ಲೇ ನಿಲ್ಲುತ್ತದೆ ಅಂದರೆ ಅದು ತಳ್ಳುವ ನೀರು 18 ಲೀಟರ್. ಕಡಲಿಗೆ ಹಾಕಿದರೆ ಹೆಚ್ಚುಕಡಿಮೆ ಅರ್ಧ ಕಿಲೋ ಮೇಲಕ್ಕೆ ಎಳೆಯುತ್ತದೆ. 450 ಗ್ರಾಂ ಸೀಸ ಬೇರೆ ಒಯ್ಯಿರಿ, ಒಂದೇ ಗಟ್ಟಿ ಬೇಡ, 100, 50ರ ತುಂಡುಗಳಾಗಿ. ದಡದಲ್ಲಿ ಸೊಂಟದಷ್ಟು ನೀರಿನಲ್ಲಿ ನಿಂತು ಒಂದೊಂದೇ ಹಾಕಿ ನೋಡಿ. ಮೂತಿ ಮೇಲೆ ಹೋದರೆ ಮುಂದೆ ಹಾಕಿ, ಬಾಲ ಮೇಲೆ ಹೋದರೆ ಹಿಂದೆ.

ನಿಮ್ಮ ಸಿಲಿಂಡರೂ ಹಾಗೆಯೇ. ಅಲ್ಯೂಮಿನಿಯಂನದ್ದು ತುಂಬಿದಾಗ ತಗ್ಗುತ್ತದೆ, ಖಾಲಿಯಾಗುತ್ತಾ ಬಂದರೆ ಏಳುತ್ತದೆ. ಗಾಳಿಗೂ ತೂಕ ಉಂಟಲ್ಲ, ಬೆನ್ನಿನ 11 ಲೀಟರಿನದ್ದರಲ್ಲೇ ಎರಡೂವರೆ ಕಿಲೋಗೂ ಮಿಕ್ಕಿ ಗಾಳಿ ಇರುತ್ತದೆ. ಡೈವಿನ ಕೊನೆಗೆ ಅಷ್ಟು ಹಗುರ ಆಗಿ 5 ಮೀಟರಿನಲ್ಲಿ ನಿಲ್ಲಲು ಆಗುತ್ತದಾ ಅಂತ ಮೊದಲ ದಿನವೇ 50 ಬಾರ್ ಇರುವಾಗ ನಿಂತು ನೋಡಿ.

ಹಡಗಿನವರಿಗೆ ಬ್ಯಾಟರಿ ವಿಷಯ ಕೊಚ್ಚಿಯಲ್ಲಿ ಹತ್ತುವ ದಿನ ಹೇಳಬೇಡಿ, ಈಗಲೇ ಕೇಳಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಹೋಗಿ ಬಂದ ಮೇಲೆ ಎರಡೂ ಗೇಜಿನಲ್ಲಿ ಇಳಿಯುವಾಗ ಎಷ್ಟಿತ್ತು, ಏರಿದಾಗ ಎಷ್ಟಿತ್ತು ಅಂತ ಇಲ್ಲಿ ಬರೆಯಿರಿ. ನಾನು ಕಾಯುತ್ತಿರುತ್ತೇನೆ.